ಆಯಿಯ ಬಾಟಲಿಯ ಬಾಳೆನಾರು

ಕಣ್ಣಿಲ್ಲದ ಮುದುಕಿಯ ಔಷಧದ ಬಾಟಲಿಗೆ ಮುತ್ತಿನಂಥ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದ ಮಹಾಶಯ ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನಾನೇ. ಅದೂ ಇಂಗ್ಲಿಷಿನಲ್ಲಿ. ಸುತ್ತಲೂ ಹೂಬಳ್ಳಿಯ ಅಂಚು ಬೇರೆ. ಬಳ್ಳಿಯ ತುದಿಗೆ ಒಂದು ಗಿಣಿಯನ್ನೂ ಕೂಡಿಸಬೇಕೆಂದಿದ್ದೆ, ಕಾಗದ ಸಾಲಲಿಲ್ಲ.

ಆಗ ನಾನು ಸವಣೂರಿನ ಒಂದು ಖಾಸಗಿ ದವಾಖಾನೆಯಲ್ಲಿ ಹೊಸದಾಗಿ ಕಂಪೌಂಡರ್ ಆಗಿ ಸೇರಿದ್ದೆ. ಹುಟ್ಟೂರು ಹಾನಗಲ್ಲಿನ ಕಡೆಯ ಆಡೂರು. ಊರಿನಲ್ಲಿ ನಮ್ಮವ್ವ ನಾನು ಡಾಕ್ಟರೇ ಆಗಿಬಿಟ್ಟೆ ಎಂದು ಹೇಳಿಕೊಂಡು ತಿರುಗುತ್ತಿದ್ದಳು. ನಾನೂ ಆ ಮಾತನ್ನು ತಿದ್ದುವ ಗೋಜಿಗೆ ಹೋಗಿರಲಿಲ್ಲ.

ಯುದ್ಧದ ಕಾಲ. ಸೀಮೆಎಣ್ಣೆಗೆ ಇದ್ದಂತೆ ಬಾಟಲಿಗೂ ಬರವಿತ್ತು. ಔಷಧ ಬೇಕಾದವರು ಮನೆಯಿಂದಲೇ ಬಾಟಲಿ ತರಬೇಕು. ಒಬ್ಬರು ಎಣ್ಣೆಯ ಬಾಟಲಿ ತಂದರೆ ಇನ್ನೊಬ್ಬರು ಅತ್ತರಿನ ಶೀಶೆ ತರುತ್ತಿದ್ದರು. ಇದನ್ನೆಲ್ಲ ನೋಡಿ ನಮ್ಮ ಡಾಕ್ಟರ್ ಸಾಹೇಬರು ಒಂದು ದಿನ ನನಗೆ ರೋಗದ ಜಂತುಗಳ ಬಗ್ಗೆ ಉದ್ದನೆಯ ಉಪದೇಶ ಮಾಡಿದರು. ಅಂದಿನಿಂದ ನನಗೆ ಎಲ್ಲೆಲ್ಲೂ ಜಂತುಗಳೇ ಕಾಣತೊಡಗಿದವು. ದವಾಖಾನೆಯ ಬೆಕ್ಕನ್ನು ಕೂಡ ಕಾರ್ಬಾಲಿಕ್ ಸೋಪಿನಿಂದ ತೊಳೆಯಲು ಹೋಗಿ ಮುಂಗೈ ತುಂಬ ಪರಚಿಸಿಕೊಂಡೆ.

ಅಂಥ ಹುಮ್ಮಸ್ಸಿನ ದಿನ ಎಲೆಯಂಗಡಿಯ ಆಯಿಯ ಬಾಟಲಿಗಳು ಬಂದವು. ಎರಡರ ಕೊರಳಿಗೂ ಬಾಳೆನಾರು ಸುತ್ತಿತ್ತು. ಎಲೆಯ ರಸ, ಸುಣ್ಣ, ಬೆವರು ಹತ್ತಿ ಆ ನಾರು ಕಪ್ಪಗಾಗಿತ್ತು. ಒಂದೊಂದು ನಾರಿನಲ್ಲಿ ನೂರಾರು ಜಂತುಗಳು ಸಂಸಾರ ಹೂಡಿವೆ ಎಂದು ನನಗೆ ಖಾತ್ರಿಯಾಯಿತು. ಕತ್ತರಿಸಿ ಒಲೆಗೆ ಹಾಕಿದೆ. ಒಂದು ಬಾಟಲಿಯ ಬಾಯಿ ಸ್ವಲ್ಪ ಸೀಳಿತ್ತು. ಅದನ್ನು ಬಿಸಾಡಿ, ನೋಡಲು ಜೋಡಿ ಚೆಂದ ಕಾಣಲೆಂದು ಇನ್ನೊಂದರದೇ ನಮೂನೆಯದನ್ನು ಹುಡುಕಿ ತೆಗೆದೆ. ಎರಡನ್ನೂ ಕುದಿಸಿ, ಒರೆಸಿ, ಕನ್ನಡಿಯಂತೆ ಮಿರಿಮಿರಿ ಮಾಡಿದೆ. ಔಷಧ ಕಹಿ ಎಂದು ಆಯಿ ಮುಖ ಕಿವುಚುತ್ತಾಳಲ್ಲ, ಪಾಪ ಎಂದು ಎರಡಕ್ಕೂ ಧಾರಾಳವಾಗಿ ಪುದೀನಾ ಅರ್ಕ ಸುರಿದೆ. ಆಮೇಲೆ ಆ ಚೀಟಿ, ಆ ಹೂಬಳ್ಳಿ.

ಮುಟ್ಟಿದರೆ ಎರಡೂ ಒಂದೇ, ಮೂಸಿದರೆ ಎರಡೂ ಒಂದೇ. ಓದಿದರೆ ಮಾತ್ರ ಬೇರೆ. ಹಗೆಯಾದವನು ಕೂಡ ಒಬ್ಬ ಕುರುಡಿಗೆ ಇಷ್ಟು ಅಚ್ಚುಕಟ್ಟಾಗಿ ಕೇಡು ಮಾಡಲಾರ. ನಾನು ಪ್ರೀತಿಯಿಂದ ಮಾಡಿದ್ದೆ.

ಒಂದು ಬಾಟಲಿಯಲ್ಲಿ ಎದೆಯ ಔಷಧ. ಸಣ್ಣ ಬಟ್ಟಲಿನಲ್ಲಿ ಅರ್ಧ, ದಿನಕ್ಕೊಮ್ಮೆ, ಬೆಳಿಗ್ಗೆ. ಹೆಚ್ಚಾದರೆ ವಾಂತಿ, ಇನ್ನೂ ಹೆಚ್ಚಾದರೆ ಎದೆಯೇ ನಿಂತುಹೋಗಬಹುದು. ಇನ್ನೊಂದರಲ್ಲಿ ಹೊಟ್ಟೆಯ ಔಷಧ. ಊಟವಾದ ಮೇಲೆ ದೊಡ್ಡ ಲೋಟದಲ್ಲಿ ಗಟಗಟ ಕುಡಿಯುವಂಥದ್ದು. ಅದಲುಬದಲಾದರೆ ಎದೆಯ ಔಷಧವೇ ಲೋಟಗಟ್ಟಲೆ ಹೊಟ್ಟೆಗೆ ಹೋಗುತ್ತಿತ್ತು.

ಆಯಿಗೆ ನಡುವಯಸ್ಸಿನಲ್ಲಿ ಕಣ್ಣು ಹೋಗಿದ್ದವು. ಗಂಡ ಸತ್ತ ಮೇಲೆ ತವರಿಗೆ ಬಂದವಳು ತಮ್ಮನ ಮನೆಯ ಮುಂದಿನ ಕಟ್ಟೆಯ ಮೇಲೆ ವೀಳ್ಯದೆಲೆಯ ಅಂಗಡಿ ಇಟ್ಟುಕೊಂಡಿದ್ದಳು. ತಮ್ಮ ಹೋದ ಮೇಲೆ ತಮ್ಮನ ಮಗನ ಜೊತೆ ಇದ್ದಳು. ಮನೆಯಲ್ಲಿ ಅವಳು ಅತ್ತೆ, ಊರಿಗೆಲ್ಲ ಆಯಿ. ಎಲೆಯನ್ನು ಕಿವಿಯ ಹತ್ತಿರ ಹಿಡಿದು ತೊಟ್ಟು ಮುರಿಯುತ್ತಿದ್ದಳು. ಸದ್ದು ಕೇಳಿ ಇದು ಎಳೆಯದು, ಇದು ಬಲಿತದ್ದು ಎಂದು ಬೇರೆ ಮಾಡಿ ಕಟ್ಟು ಕಟ್ಟುತ್ತಿದ್ದಳು. ಎಳೆ ಎಲೆಯ ಕಟ್ಟಿಗೆ ಬಾಳೆನಾರಿನ ಒಂದು ಗಂಟು, ಬಲಿತ ಎಲೆಗೆ ಎರಡು. ಕಟ್ಟು ಬಿಚ್ಚದೆ ಗೊತ್ತಾಗಲೆಂದು. ಔಷಧದ ಬಾಟಲಿಗಳ ಕೊರಳಿಗೂ ಅವಳದು ಇದೇ ಲೆಕ್ಕ. ಶಿಗ್ಗಾಂವಿಗೆ, ಹಿರೇಕೆರೂರಿಗೆ ಸಂತೆಗೆ ಹೋಗುವ ಎಲೆಯೂ ಇದೇ ಗಂಟು ಹೊತ್ತು ಹೋಗುತ್ತಿತ್ತು.

ಕುರುಡರಿಗೆ ಹೆಜ್ಜೆಯ ಸಪ್ಪಳದಿಂದಲೇ ಮನುಷ್ಯರ ಗುರುತು ಸಿಗುತ್ತದೆ ಎಂದು ಜನ ಹೇಳುತ್ತಾರೆ. ಆಯಿಯ ವಿಷಯದಲ್ಲಿ ಇದು ಶುದ್ಧ ಸುಳ್ಳು. ಒಮ್ಮೆ ಅಂಚೆಯವನನ್ನು ನಾನೆಂದು ತಿಳಿದು, ಅವನು ಹೋಗುವೆನೆಂದರೂ ಬಿಡದೆ ಕೂಡಿಸಿಕೊಂಡು ಬಾಯಿಗೆ ಬಂದಂತೆ ಬೈದಳು. ಪಾಪ, ಅವನು ಎಲ್ಲವನ್ನೂ ಕೇಳಿ ದವಾಖಾನೆಗೆ ಬಂದು, "ಇದು ನಿಮಗ ಸೇರಬೇಕಾದ್ದು, ವಿಳಾಸ ತಪ್ಪಿ ನನಗ ಬಂದಿತ್ತು" ಎಂದು ಒಂದು ಮಾತೂ ಬಿಡದೆ ನನಗೆ ಒಪ್ಪಿಸಿ ಹೋದ.

ನನ್ನ ಹೂಬಳ್ಳಿಯ ಬಾಟಲಿಗಳು ಅವಳ ಕೈ ಸೇರಿದಾಗ ತಮ್ಮನ ಮಗ ಎಲೆಯ ಗಾಡಿ ಹೊಡೆದುಕೊಂಡು ಹಿರೇಕೆರೂರಿಗೆ ಹೋಗಿದ್ದ. ಅವನ ಹೆಂಡತಿಗೆ ಓದು ಬಾರದು. ಆಯಿ ಎರಡೂ ಬಾಟಲಿಗಳ ಕೊರಳು ತಡವಿದಳು. ಮೂಸಿದಳು. ತಿರುಗಿ ತಡವಿದಳು. ಆಮೇಲೆ ಎರಡನ್ನೂ ಗೂಡಿನಲ್ಲಿಟ್ಟು, ಬಿರಡೆ ಕೂಡ ತೆಗೆಯಲಿಲ್ಲ. ದವಾಖಾನೆಗೆ ಕೇಳಿಕಳಿಸಿದಳು. ಬಾಗಿಲಿಗೆ ಬೀಗ. ಡಾಕ್ಟರು ಶಿಗ್ಗಾಂವಿಯ ಕಡೆ ಕಾಲರಾ ಎಂದು ಹೋಗಿದ್ದರು. ನಾನು? ನಾನು ಆಡೂರಿನಲ್ಲಿ ಹೋಳಿಗೆಯ ಮೇಲೆ ಹೋಳಿಗೆ ತಿನ್ನುತ್ತಾ, ಸವಣೂರಿನಲ್ಲಿ ನನ್ನ ಕೈಗುಣಕ್ಕೆ ಜನ ಸಾಲು ನಿಲ್ಲುತ್ತಾರೆ ಎಂದು ಮಾವಂದಿರಿಗೆ ಹೇಳುತ್ತಿದ್ದೆ.

ಡಾಕ್ಟರೂ ನಾನೂ ತಿರುಗಿ ಬಂದ ದಿನ ದವಾಖಾನೆಯ ಮುಂದೆ ಒಂದು ಚಕ್ಕಡಿ ನಿಂತಿತು. ತಮ್ಮನ ಮಗ ಆಯಿಯನ್ನು ಎತ್ತಿ ಇಳಿಸಿದ. ಅವಳ ಕಾಲು ಬಾತಿದ್ದವು. ಎರಡು ಮಾತಿಗೊಮ್ಮೆ ಏದುಸಿರು. ಆದರೂ ಬೆಂಚಿನ ಮೇಲೆ ಕುಳಿತು ಮೊದಲು ಕೇಳಿದ್ದು ಡಾಕ್ಟರನ್ನಲ್ಲ.

"ಆ ಕಂಪೌಂಡರ್ ಎಲ್ಲೆ ಅದಾನ?"

"ಇಲ್ಲೇ ಅದೇನಿ ಆಯಿ."

"ನಾರು ಬಿಚ್ಚಿದಾಂವ ನೀನ ಏನು?"

"ಹೌದಾಯಿ. ಭಾಳ ಹೊಲಸ ಆಗಿತ್ತು."

"ಹೊಲಸ ಆಗಿತ್ತಾ! ನಿನ್ನ ಮೂಗು ಸೋರತೈತಿ ಅಂತ ನಾ ಕೊಯ್ದು ಒಲಿಗೆ ಹಾಕಿದೆನೇನು?"

ದವಾಖಾನೆಯಲ್ಲಿ ಕೂತಿದ್ದ ರೋಗಿಗಳೆಲ್ಲ ತಮ್ಮ ತಮ್ಮ ರೋಗ ಮರೆತು ಇತ್ತ ತಿರುಗಿದರು. ನಾನು ಮಾನ ಉಳಿಸಿಕೊಳ್ಳಲು ನೋಡಿದೆ.

"ಚೀಟಿ ಬರದು ಹಚ್ಚೇನಲ್ಲ ಆಯಿ."

ಮೂಲೆಯಲ್ಲಿ ಕೂತಿದ್ದ ಹಲ್ಲುನೋವಿನವನು ಕೆನ್ನೆ ಹಿಡಿದುಕೊಂಡೇ ನಗತೊಡಗಿದ. ಆಯಿ ನಗಲಿಲ್ಲ.

"ಕೇಳೇನಿ. ಬಳ್ಳಿ ಬರದೀಯಂತ, ಹೂವ ಬರದೀಯಂತ, ನನ್ನ ಸೊಸಿ ಹೇಳಿದ್ಲು. ಆ ಹೂವ ಕಿತ್ತು ನಿನ್ನ ಕಿವ್ಯಾಗ ಇಟಗೋ. ನನಗ ನಾರು ಕೊಡು."

ಡಾಕ್ಟರ್ ಸಾಹೇಬರು ಹೊರಗೆ ಬಂದು ನಾಡಿ ಹಿಡಿದು ನೋಡಿದರು. ಮುಖ ಗಂಭೀರವಾಯಿತು. ಇಷ್ಟು ದಿನ ಎದೆಯ ಔಷಧ ಯಾಕೆ ನಿಲ್ಲಿಸಿದೆ ಎಂದು ಕೇಳಿದರು. ಯಾವುದು ಯಾವುದೆಂದು ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ಬಾಯಿಗೆ ಹಾಕುವುದಿಲ್ಲ ಎಂದಳು. ಆಗ ತಮ್ಮನ ಮಗ ಮುಂದೆ ಬಂದ. ಅವನು ಕೆಟ್ಟವನಲ್ಲ. ಹೆದರಿದ್ದ.

"ಸಾಹೇಬ್ರ, ಇನ್ನ ಮ್ಯಾಲೆ ಔಷಧ ನಮ್ಮ ಕಡೆ ಇರ್ಲಿ ಬಿಡ್ರಿ. ಕಣ್ಣಿಲ್ಲದಾಕಿ ಕೈಯಾಗ ಇಂಥಾ ಔಷಧ ಬ್ಯಾಡ್ರಿ. ನಾಳೆ ಹೆಚ್ಚು ಕಡಿಮಿ ಆತಂದ್ರ ಊರ ಮಂದಿ ನನ್ನ ಮಾರಿಗೆ ಉಗುಳ್ತಾರ."

"ಕಣ್ಣಿದ್ದಾಂವ ನಾರು ಬಿಚ್ಚಿದ," ಎಂದಳು ಆಯಿ. "ಕಣ್ಣಿಲ್ಲದಾಕಿ ಕುಡೀಲಿಲ್ಲ. ಈಗ ಬಾಟ್ಲಿ ಯಾರ ಕೈಯಾಗಿಂದ ಕಸಗೋಬೇಕು ಅಂತ ನೀವ ಹೇಳ್ರಿ ಸಾಹೇಬ್ರ."

ಬೇಕಾದರೆ ನಾನು ಆಗ ಬಾಯಿ ಬಿಡಬಹುದಿತ್ತು. ನಾನು ಔಷಧದ ಕಪಾಟಿನ ಕಡೆ ತಿರುಗಿ, ಬಹಳ ಅವಸರದ ಕೆಲಸವಿದ್ದವನಂತೆ, ಖಾಲಿ ಡಬ್ಬಿಗಳನ್ನು ಎಡದಿಂದ ಬಲಕ್ಕೆ ಜೋಡಿಸಿದೆ. ಆಮೇಲೆ ಬಲದಿಂದ ಎಡಕ್ಕೆ. ಸಾಹೇಬರು ಯೋಚಿಸಿ, ಮನೆಯವರೇ ಕೊಡಲಿ ಎಂದು ತೀರ್ಪು ಕೊಟ್ಟರು. ಬಾಟಲಿಗಳು ಅವರ ಮನೆಯ ಗೋಡೆಯ ಕಪಾಟು ಸೇರಿದವು. ಬೀಗದ ಕೈ ತಮ್ಮನ ಮಗನ ಉಡಿದಾರಕ್ಕೆ.

ಆ ದಿನಗಳಲ್ಲಿ ಆಯಿಯ ಅಂಗಡಿಯ ಮುಂದೆ ಹೋಗಲು ನನಗೆ ಧೈರ್ಯವಿರಲಿಲ್ಲ. ಹಿಂದಿನ ಓಣಿಯಿಂದ ಸುತ್ತು ಹೊಡೆದು, ಎರಡು ಬಾರಿ ಎಮ್ಮೆಯ ಸಗಣಿ ತುಳಿದು, ದವಾಖಾನೆ ಸೇರುತ್ತಿದ್ದೆ. ಕೊನೆಗೆ ಒಂದು ದಿನ ಎದುರಾದೆ. ಆಯಿ ಎಲೆ ಎಣಿಸುತ್ತಿರಲಿಲ್ಲ. ಸುಮ್ಮನೆ ಕೂತಿದ್ದಳು.

"ಔಷಧ ಬರೋಬ್ಬರಿ ಕೊಡ್ತಾರೇನು ಆಯಿ?"

"ಕೊಡ್ತಾರಪ. ಕರುವಿಗೆ ಬಿದಿರ ಗೊಟ್ಟ ಹಾಕಿ ಕುಡಸ್ತಾರಲ್ಲ, ಹಂಗ. 'ಆ ಮಾಡು ಅತ್ತಿ' ಅಂತಾನ, ನಾ ಆ ಮಾಡ್ತೇನಿ. ಯಾವ ಔಷಧ, ಎಷ್ಟು, ಏನೂ ಹೇಳಂಗಿಲ್ಲ. ಎಲಿ ಮಾರಿ ಇಷ್ಟು ವರ್ಷ ನನ್ನ ಹೊಟ್ಟಿ ನಾ ತುಂಬಿಸಿಕೊಂಡೇನಿ. ಈಗ ಬಾಯಿ ಅಷ್ಟ ಉಳದೈತಿ, ಅದೂ ತೆರ್ಯಾಕ."

ನಾನು ಬೇಡದಿದ್ದರೂ ಎರಡು ಕಟ್ಟು ಎಲೆ ಕೊಂಡು, ತಿರುಗಿ ಹಿಂದಿನ ಓಣಿಯನ್ನೇ ಹಿಡಿದೆ.

ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ಸೊಸೆಯೇ ಓಡಿಬಂದಳು. ಅತ್ತೆಗೆ ನಿಲ್ಲದ ವಾಂತಿ, ಬೆವರು, ಎದ್ದು ಕೂಡಲಾಗುತ್ತಿಲ್ಲ. ಸಾಹೇಬರು ಪೆಟ್ಟಿಗೆ ಹಿಡಿದು ನಡೆದರು, ಹಿಂದೆ ನಾನು. ನಾಡಿ ತೀರ ನಿಧಾನವಾಗಿತ್ತು. ಎದೆಯ ಔಷಧ ಎಷ್ಟು ಕೊಟ್ಟಿರಿ ಎಂದು ಸಾಹೇಬರು ಕೇಳಿದಾಗ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬಾಯಿ ತೆರೆದರು.

"ನಾ ನಸುಕಿನ್ಯಾಗ ಕೊಟ್ಟೇನ್ರಿ, ಇವರು ತ್ವಾಟಕ್ಕ ಹೋಗಿದ್ರು ಅಂತ," ಎಂದಳು ಸೊಸೆ.

"ನೀ ಕೊಟ್ಟಿದ್ಯಾ? ನಾ ಬಂದ ಮ್ಯಾಲೆ ನಾನೂ ಕೊಟ್ಟೆ!"

"ಮೊನ್ನೆನೂ ಹಿಂಗ ಆತು," ಎಂದಳು ಹಾಸಿಗೆಯ ಮೇಲಿನಿಂದ ಆಯಿ, ಮೆಲ್ಲಗೆ. "ತಗೊಂಡೇನಿ ಅಂತ ನಾ ಹೇಳಿದೆ. 'ನಿನಗ ಮರವು, ಆ ಮಾಡು' ಅಂದ. ಎರಡು ಜೋಡಿ ಕಣ್ಣು ಕೂಡಿ ಕೊಟ್ಟಿದ್ದು ಸಾಹೇಬ್ರ, ತಪ್ಪಂಗಿಲ್ಲ."

ತಮ್ಮನ ಮಗ ಗೋಡೆಗೆ ಒರಗಿ ಕುಸಿದು ಕೂತ. ಸಾಹೇಬರು ಎದೆಯ ಔಷಧವನ್ನು ಸದ್ಯಕ್ಕೆ ಪೂರ್ತಿ ನಿಲ್ಲಿಸಿದರು. ದಿನಾಲೂ ಬಂದು ನಾಡಿ ನೋಡಿದರು. ಆಯಿ ಬದುಕಿದಳು. ಎದ್ದು ಕೂತ ದಿನ ಅವಳು ಕೇಳಿದ್ದು ಗಂಜಿಯನ್ನಲ್ಲ, ಬಾಟಲಿಗಳನ್ನು.

"ಅತ್ತಿ, ಇನ್ನೂ ಹಠ ಬಿಡವಲ್ಲಿ ಏನು?" ಎಂದ ತಮ್ಮನ ಮಗ. ಅವನ ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ.

"ನಾ ಸಹಾಯ ಬ್ಯಾಡ ಅಂದೇನೇನಲೇ? ನೀರ ತಂದುಕೊಡು, ಬ್ಯಾಡ ಅನ್ನಂಗಿಲ್ಲ. ಕೈ ಹಿಡಿದು ನಡಸು, ಬ್ಯಾಡ ಅನ್ನಂಗಿಲ್ಲ. ಕೇಳಿ ಮಾಡು ಅಂತೇನಿ, ಹೇಳಿ ಮಾಡು ಅಂತೇನಿ. ಇಷ್ಟ."

ಸಾಹೇಬರು ಗಲ್ಲ ತುರಿಸಿಕೊಂಡರು. ಈ ಸಲ ನಾನು ಡಬ್ಬಿ ಜೋಡಿಸಲು ಹೋಗಲಿಲ್ಲ. ಅಲ್ಲಿ ಡಬ್ಬಿಗಳೂ ಇರಲಿಲ್ಲ. "ಸಾಹೇಬ್ರ," ಎಂದೆ, "ಮೊದಲಿನ ತಪ್ಪು ಆಯಿದಲ್ಲರಿ, ನಂದು. ನಾರು ಇದ್ದಾಗ ಒಂದು ದಿನಾನೂ ತಪ್ಪಿದ್ದಿಲ್ಲ ಆಕಿ." ಹೇಳಿ ಮುಗಿಸುವಷ್ಟರಲ್ಲಿ ಕೆಲಸ ಹೋಯಿತೆಂದೇ ತಿಳಿದೆ. ಆಡೂರಿನ ಮಾವಂದಿರ ಮುಖಗಳು ಕಣ್ಣ ಮುಂದೆ ಸಾಲಾಗಿ ಬಂದವು. ಸಾಹೇಬರು ನನ್ನನ್ನು ಒಮ್ಮೆ ನೋಡಿ, "ಹಂಗಾದ್ರ ಸರಿ ಮಾಡೋದೂ ನಿಂದ ಕೆಲಸ," ಎಂದರು.

ಅವತ್ತು ಆ ಹಾಸಿಗೆಯ ಸುತ್ತ ಕೂತು ಒಂದು ಪಂಚಾಯ್ತಿಯೇ ಆಯಿತು. ಬಾಟಲಿಗಳು ತಿರುಗಿ ಆಯಿಯ ಕೈಗೇ ಎಂದು ನಿಶ್ಚಯವಾಯಿತು. ಎದೆಯ ಔಷಧಕ್ಕೆ ಬೇರೆ ನಮೂನೆಯ ಬಾಟಲಿ ಇರಲಿ, ಕೈಗೆ ಸಿಕ್ಕ ಕೂಡಲೇ ಗೊತ್ತಾಗಬೇಕು ಎಂದರು ಸಾಹೇಬರು. ತಮ್ಮನ ಮಗ ಎಲ್ಲೆಲ್ಲೋ ಹುಡುಕಿ ಮೈಯೆಲ್ಲ ಗೀರುಗೀರಾಗಿದ್ದ ಒಂದು ಗಿಡ್ಡ ಶೀಶೆ ತಂದ. ಅಳತೆಗೆ ಸಾಹೇಬರೇ ಹಿತ್ತಾಳೆಯ ಸಣ್ಣ ಬಟ್ಟಲು ಮಾಡಿಸಿದರು: ಅಂಚಿನವರೆಗೆ ತುಂಬಿದರೂ ಒಂದೇ ಹೊತ್ತಿನ ಔಷಧ, ಅದಕ್ಕಿಂತ ಹೆಚ್ಚು ಹಿಡಿಸದು. ಪುದೀನಾ ಅರ್ಕವನ್ನು ಆಯಿಯೇ ರದ್ದು ಮಾಡಿದಳು. "ಕಹಿ ಇರ್ಲಿ. ಕಹಿ ಅಂದ್ರ ನನಗ ಗುರುತು."

ಉಳಿದದ್ದು ಒಂದೇ. ಆಯಿ ಕುಡಿದದ್ದು ಬಿಟ್ಟದ್ದು ಮನೆಯವರಿಗೆ ಹೇಗೆ ಗೊತ್ತಾಗಬೇಕು? ಇಲ್ಲದಿದ್ದರೆ ತಮ್ಮನ ಮಗನಿಗೆ ನಿದ್ದೆ ಹತ್ತುವಂತಿರಲಿಲ್ಲ. ಆಯಿ ಎಲೆಯ ತಟ್ಟೆ ತರಿಸಿ ಅದರಲ್ಲಿದ್ದ ಒಂದು ಇಡೀ ಅಡಿಕೆಯನ್ನು ಕೈಗೆತ್ತಿಕೊಂಡಳು.

"ಇದು ಗೂಡಿನ್ಯಾಗ ಇದ್ರ ನಾ ಇನ್ನೂ ಔಷಧ ತಗೊಂಡಿಲ್ಲ. ತಟ್ಟ್ಯಾಗ ಇದ್ರ ತಗೊಂಡೇನಿ. ರಾತ್ರಿ ನಿನ್ನ ಹೇಂತಿ ತಿರುಗಿ ಗೂಡಿನ್ಯಾಗ ಇಡ್ಲಿ. ಹಾದು ಹೋಗಾಗ ಅಡಿಕಿ ನೋಡು, ನನ್ನ ಬಾಯಿ ನೋಡಬ್ಯಾಡ."

"ಅಡಿಕಿ ಯಾರರ ತಿಂದ್ರ?"

"ಕಂಪೌಂಡರ್‌ಗೆ ಮನಿಯೊಳಗ ಬಿಡಬ್ಯಾಡ, ಅಷ್ಟ ಸಾಕು."

ಸಾಹೇಬರು ತಮ್ಮದೂ ಒಂದು ಕರಾರು ಹಾಕಿದರು. ತಲೆ ತಿರುಗಿದರೆ, ವಾಂತಿ ಬಂದರೆ, ಗಂಟಿನ ಮೇಲೆ ಒಂಚೂರು ಅನುಮಾನ ಬಂದರೆ, ಕುಡಿಯದೆ ಹೇಳಿಕಳಿಸಬೇಕು. ಹಠ ಮಾಡಬಾರದು. ಆಯಿ ಒಪ್ಪಿದಳು. "ಅಷ್ಟು ಹಠ ನಿಮಗ ಬಿಟ್ಟುಕೊಟ್ಟೇನಿ" ಎಂದಳು.

ಅಂದಿನಿಂದ ಸಂತೆಯ ದಿನ ನಾನೇ ಅವಳ ಕಟ್ಟೆಗೆ ಹೋಗಿ ಅವಳ ಎದುರಿಗೇ ಬಾಟಲಿ ತುಂಬುವುದು ರೂಢಿಯಾಯಿತು. ಬಾಟಲಿಯನ್ನು ಅವಳ ಕೈಗಿಟ್ಟು ಬಾಯಿಂದ ಹೇಳಬೇಕು: "ಇದು ಎದಿದು ಆಯಿ." ಅವಳು ಬಿರಡೆ ತೆಗೆದು ಮೂಸಿ, ನಾಲಿಗೆಯ ತುದಿಗೆ ಬೆರಳು ಹಚ್ಚಿ ನೋಡಿ, ಹೌದೆನಿಸಿದ ಮೇಲೆ ತಾನೇ ಹೊಸ ಬಾಳೆನಾರು ಕಟ್ಟುತ್ತಿದ್ದಳು. ಎದೆಗೆ ಒಂದು ಗಂಟು, ಹೊಟ್ಟೆಗೆ ಎರಡು. ನಾರಿಗೆ ನನ್ನ ಬೆರಳು ತಾಗಿದರೆ ಚಟ್ಟನೆ ಹೊಡೆಯುತ್ತಿದ್ದಳು. ಗುರಿ ಮಾತ್ರ ತಪ್ಪುತ್ತಿರಲಿಲ್ಲ.

ಒಂದು ದಿನ ಅವಳ ಕಷ್ಟ ಏನೆಂದು ತಿಳಿಯಲು ಕಣ್ಣು ಕಟ್ಟಿಕೊಂಡು ಔಷಧ ಅಳೆಯಲು ಹೋದೆ. ಬಟ್ಟಲಿಗಿಂತ ನನ್ನ ಅಂಗಿಗೆ ಹೆಚ್ಚು ಬಿತ್ತು. ಅಂಗಿಗೆ ಇದ್ದ ಎದೆಯ ರೋಗವೆಲ್ಲ ವಾಸಿಯಾಗಿರಬೇಕು, ಇವತ್ತಿಗೂ ಗಟ್ಟಿಯಾಗಿದೆ. ಈ ಸಾಹಸವನ್ನು ಹೇಳಿದಾಗ ಆಯಿ ಹೊಟ್ಟೆ ಹಿಡಿದು ನಕ್ಕಳು.

"ಒಂದು ತಾಸು ಕಣ್ಣು ಮುಚ್ಚಿದ್ರ ನಾ ಆಗ್ತಿಯೇನು? ನಾನೂ ಮೊದಲ ಮೊದಲ ಸುಣ್ಣ ಅಂತ ಬೆಣ್ಣಿ ಹಚ್ಚಿ ಎಲಿ ಮಾರೇನಿ. ಕಲೀಬೇಕು. ಕಲ್ಯಾಕ ಬಿಡಬೇಕು."

ಇದರ ಗುಣ ಬೇರೆಯವರಿಗೂ ತಟ್ಟಿತು. ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ದುಡಿದು ಕಿವಿ ಕಳೆದುಕೊಂಡಿದ್ದ ಒಬ್ಬ ಯಾವಾಗಾದರೊಮ್ಮೆ ನಮ್ಮಲ್ಲಿಗೆ ಬರುತ್ತಿದ್ದ. ಅವನಿಗೆ ನಾನು ಔಷಧದ ವಿವರವನ್ನು ಬಸ್ಸು ನಿಲ್ದಾಣದವರೆಗೆ ಕೇಳಿಸುವಂತೆ ಕೂಗುತ್ತಿದ್ದೆ. ಅವನನ್ನು ಬಿಟ್ಟು ಸವಣೂರಿಗೆಲ್ಲ ಅವನ ಮೂಲವ್ಯಾಧಿಯ ಸುದ್ದಿ ತಿಳಿದಿತ್ತು. ಆಯಿಯ ಪಾಠವಾದ ಮೇಲೆ ಅವನನ್ನು ಎದುರಿಗೆ ಕೂಡಿಸಿ, ಸೂರ್ಯ ಎಲ್ಲಿಗೆ ಬಂದಾಗ ಎಷ್ಟು ಎಂದು ಕೈಸನ್ನೆ ಮಾಡಿ, ತಿರುಗಿ ಅವನಿಂದಲೇ ಮಾಡಿಸಿ ನೋಡತೊಡಗಿದೆ. ಮೊದಲ ದಿನ ಅವನು ನನ್ನ ಕೈ ಹಿಡಿದು ಸುಮ್ಮನೆ ಅಲುಗಾಡಿಸಿದ. ನಾನು ಬಹಳ ಹೆಮ್ಮೆಯಿಂದ ಆಯಿಗೆ ಹೇಳಿದೆ. "ನಿನ್ನ ಬಾಯಿ ಬಂದ್ ಆತಲ್ಲ, ಅದಕ್ಕ ಖುಷಿ ಪಟ್ಟಿರಬೇಕು," ಎಂದಳು.

ವರ್ಷಗಳು ಹೀಗೇ ಹೋದವು. ಅಡಿಕೆ ದಿನಾಲೂ ಗೂಡಿನಿಂದ ತಟ್ಟೆಗೆ ಇಳಿಯಿತು. ತಮ್ಮನ ಮಗ ಬೆಳಿಗ್ಗೆ ಹಾದು ಹೋಗುವಾಗ ತಟ್ಟೆಯ ಕಡೆ ಒಂದು ಕಣ್ಣು ಹಾಯಿಸಿ, ಏನೂ ಮಾತಾಡದೆ ತೋಟಕ್ಕೆ ಹೋಗುತ್ತಿದ್ದ. ಒಂದು ಸಲ ಅಡಿಕೆ ಗೂಡಿನಲ್ಲೇ ಇತ್ತು. ಅವನು ನಿಂತ. "ಅತ್ತಿ, ನೀರ ತರ್ಲೇನು?" ಎಂದಷ್ಟೇ ಕೇಳಿದ. ಆಯಿ ಅದನ್ನು ನನಗೆ ಒಂದು ದೊಡ್ಡ ಸುದ್ದಿಯಂತೆ ಹೇಳಿದಳು. "ಕೇಳಿದ ನೋಡು! ಕೇಳಿದ!"

ಹೋದ ತಿಂಗಳು ಆಯಿ ತೀರಿಕೊಂಡಳು. ಎದೆ ಬಹಳ ದಣಿದಿತ್ತು. ಔಷಧ ಅದನ್ನು ಎಷ್ಟು ದೂರ ಎಳೆಯಬಹುದೋ ಅಷ್ಟು ದೂರ ಎಳೆದುಕೊಂಡು ಬಂದಿತ್ತು. ಆಗ ನಾನು ಊರಲ್ಲಿರಲಿಲ್ಲ, ಹಾನಗಲ್ಲಿನಲ್ಲಿದ್ದೆ. ಬೇಕಾದ ಹೊತ್ತಿಗೆ ಬೇರೆ ಕಡೆ ಇರುವುದರಲ್ಲಿ ನನ್ನನ್ನು ಮೀರಿಸುವವರು ಈಗಲೂ ಹುಟ್ಟಿಲ್ಲ.

ಕೆಲವು ದಿನಗಳಾದ ಮೇಲೆ ತಮ್ಮನ ಮಗ ದವಾಖಾನೆಗೆ ಬಂದ. ಬಾಟಲಿಗಳಿಗೆ ಇನ್ನೂ ಬೆಲೆಯಿದೆ, ಯಾರಿಗಾದರೂ ಆಗಲಿ ಎಂದು ಆಯಿಯ ಎರಡೂ ಬಾಟಲಿಗಳನ್ನು ಮೇಜಿನ ಮೇಲಿಟ್ಟ. ಎರಡರ ಕೊರಳಿಗೂ ನಾರು ಹಾಗೇ ಇತ್ತು, ಎಲೆಯ ರಸಕ್ಕೆ ಕಪ್ಪಾಗಿ. ನನ್ನ ಕೈ ಅಭ್ಯಾಸದಂತೆ ನೀರಿನ ಬೋಗುಣಿಯ ಕಡೆ ಹೋಗಿ ಅಲ್ಲೇ ನಿಂತಿತು.

"ಕಡೀಕ ಕಡೀಕ ಕೈ ಭಾಳ ನಡಗತಿದ್ದುವು," ಎಂದ ಅವನು, ಬಾಟಲಿಗಳನ್ನೇ ನೋಡುತ್ತ. "ಬಟ್ಟಲಿಗೆ ಹಾಕಾಕ ಬರ್ತಿದ್ದಿಲ್ಲ. ಕಡೀ ದಿನ ಮುಂಜಾನೆ ನನ್ನ ಕರೆದ್ಲು. ಬಾಟ್ಲಿ ತಂದು ಕೈಯಾಗ ಕೊಟ್ಟೆ, 'ಇದು ಎದಿದು ಅತ್ತಿ' ಅಂದೆ. ಗಂಟು ಮುಟ್ಟಿ ನೋಡಿದ್ಲು, ಮೂಸಿದ್ಲು. 'ಹೂಂ, ಹೌದು. ಈಗ ನೀ ಹಾಕು' ಅಂದ್ಲು. ಹಾಕಿದೆ. ಕುಡದು, ಅಡಿಕಿ ಕೈಯಾಗ ಕೊಡು ಅಂದ್ಲು. ಕೊಟ್ಟೆ, ತಾನ ತಟ್ಟ್ಯಾಗ ಇಟ್ಲು. ಹಾಕಿದಾಂವ ನಾ ಖರೆ, ಕಂಪೌಂಡರ್. ಆದ್ರ ಔಷಧ ತಗೊಂಡಾಕಿ ಆಕಿನ."